ಎರೆ ನಾಡಿನಲ್ಲಿ ಕೂಡಿಟ್ಟು ಬದುಕಿದವರು

ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಬಾವಿ ತೋಡಿದರೆ ನೀರು ಸಿಗುವುದಿಲ್ಲವೆಂದಲ್ಲ. ಸಿಗುತ್ತದೆ, ಆದರೆ ಬಹುಪಾಲು ಕಡೆ ಅದನ್ನು ಬಾಯಿಗೆ ಹಾಕಿಕೊಳ್ಳಲಾಗುವುದಿಲ್ಲ. ಅದು ಸವುಳು ನೀರು. ಬಟ್ಟೆ ಒಗೆಯಲು, ಗೋಡೆ ಕಟ್ಟುವ ಮಣ್ಣು ಕಲಸಲು ನಡೆದೀತು. ಕುಡಿಯಲು ಮಾತ್ರ ಆಕಾಶದಿಂದ ಬಿದ್ದದ್ದೇ ಆಗಬೇಕು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳದೆ ಧಾರವಾಡ ಜಿಲ್ಲೆಯ ಪೂರ್ವ ಭಾಗದ ಹಳೆಯ ಬದುಕನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಈ ಸೀಮೆಗೆ ಒಡೆಯರ ಪಟ್ಟಿ ಇದೆ. ರಾಷ್ಟ್ರಕೂಟರು, ಚಾಲುಕ್ಯರು, ಆದಿಲಶಾಹಿಗಳು, ಸವಣೂರು ನವಾಬರು, ಪೇಶ್ವೆಗಳು, 1818ರ ಸುಮಾರಿಗೆ ಬಂದ ಇಂಗ್ಲಿಷರು. ಕುಂದಗೋಳವಂತೂ ಸ್ವಾತಂತ್ರ್ಯದವರೆಗೂ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಇಷ್ಟೆಲ್ಲ ಒಡೆಯರು ಬದಲಾದರೂ ರೈತ ಯಾವ ದಿನ ಕೂರಿಗಿ ಹೂಡಬೇಕು, ಧಾನ್ಯ ಎಲ್ಲಿ ಹೂಳಬೇಕು, ಮಾಳಿಗೆಗೆ ಯಾವ ಮಣ್ಣು ಹಾಕಬೇಕು ಎಂಬುದನ್ನು ಇವರಾರೂ ನಿರ್ಧರಿಸಲಿಲ್ಲ. ಅದನ್ನು ನಿರ್ಧರಿಸಿದ್ದು ಮಣ್ಣು ಮತ್ತು ಮಳೆ. ಆ ಚರಿತ್ರೆ ಬರೆದಿಟ್ಟದ್ದು ಕಡಿಮೆ. ಬರೆದಿಡದ್ದು ಈಗ ಬಹು ಬೇಗ ಮರೆಯಾಗುತ್ತಿದೆ.

ಜಿಲ್ಲೆಯ ನಕ್ಷೆಯ ಮೇಲೆ ಪಡುವಣದಿಂದ ಮೂಡಣಕ್ಕೆ ಬೆರಳಾಡಿಸಿದರೆ ಅರ್ಧ ವಿಷಯ ತಿಳಿದುಬಿಡುತ್ತದೆ. ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಕಾಡಿದೆ, ಕೆರೆಗಳಿವೆ, ಭತ್ತವಿದೆ. ವರ್ಷಕ್ಕೆ ಸುಮಾರು 900 ಮಿಲಿಮೀಟರಿನಷ್ಟು ಮಳೆ. ಹುಬ್ಬಳ್ಳಿ ದಾಟಿ ನವಲಗುಂದಕ್ಕೆ ಬರುವಷ್ಟರಲ್ಲಿ ಅದು ಸುಮಾರು 600ಕ್ಕೆ ಇಳಿಯುತ್ತದೆ. ಒಂದು ದಿನದ ಬಂಡಿ ಪ್ರಯಾಣಕ್ಕಿಂತ ತುಸು ಹೆಚ್ಚಿನ ದೂರದಲ್ಲಿ ಮರಗಳೇ ಮುಗಿದುಹೋಗುತ್ತವೆ. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಬಯಲು. ಕುಂದಗೋಳ ಇವೆರಡರ ನಡುವೆ, ಎರೆಯೂ ಉಂಟು, ಕೆಂಪು ಮಸಾರಿಯೂ ಉಂಟು. ಬ್ಯಾಡಗಿ ಮೆಣಸಿನಕಾಯಿ ಎಂದು ನಾವು ಕೊಳ್ಳುವುದರಲ್ಲಿ ಎಷ್ಟೋ ಪಾಲು ಬೆಳೆಯುವುದು ಈ ಕುಂದಗೋಳದ ಹೊಲಗಳಲ್ಲಿ.

ಎರೆ ಮಣ್ಣಿನ ಸ್ವಭಾವವೇ ವಿಚಿತ್ರ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿಡುವ ಬಿರುಕುಗಳು ಒಂದು ಮೀಟರಿಗೂ ಆಳ ಹೋಗುವುದುಂಟು. ಮೇಲಿನ ಸಡಿಲ ಮಣ್ಣು ಗಾಳಿಗೆ, ಮೊದಲ ಮಳೆಗೆ ಆ ಬಿರುಕುಗಳೊಳಗೆ ಉದುರುತ್ತದೆ. ಹೀಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನೆಲ ತನ್ನನ್ನು ತಾನೇ ಉಳುತ್ತದೆ ಎಂದರೆ ತಪ್ಪಾಗದು. ಆದ್ದರಿಂದಲೇ ಇಲ್ಲಿಯ ರೈತರು ಪ್ರತಿ ವರ್ಷ ರಂಟಿ ಹೂಡುತ್ತಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಆಳವಾಗಿ ನೇಗಿಲು ಹೊಡೆದು, ಉಳಿದ ವರ್ಷಗಳಲ್ಲಿ ಕುಂಟಿ ಹೊಡೆದು ಹರಗಿದರೆ ಸಾಕಾಗುತ್ತಿತ್ತು. ಹೊರಗಿನಿಂದ ಬಂದವರಿಗೆ ಇದು ಸೋಮಾರಿತನದಂತೆ ಕಂಡರೆ ಅದು ನೋಡುವವರ ಕಣ್ಣಿನ ದೋಷ. ಹರಗುವುದೆಂದರೆ ಮೇಲಿನ ಎರಡು ಮೂರು ಬೆರಳು ಮಣ್ಣನ್ನು ಪುಡಿ ಮಾಡಿ ಹೊದಿಕೆಯಂತೆ ಹಾಸುವುದು. ಕೆಳಗಿನ ಹಸಿ ಆರದಂತೆ ಮುಚ್ಚುವ ಕೆಲಸ ಅದು.

ಈ ಹಸಿಯೇ ಎಲ್ಲ. ಬಿದ್ದ ಮಳೆಯನ್ನು ಎರೆ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಆಳವಾದ ಎರೆ ಹೊಲಗಳಲ್ಲಿ ಮಳೆಗಾಲದ ಬೆಳೆ ಬಿಟ್ಟು, ಮಳೆಗಾಲವಿಡೀ ಹರಗುತ್ತ ಹಸಿ ಕೂಡಿಸಿ, ಮಳೆ ಹಿಂದಾಗುವ ಹೊತ್ತಿಗೆ ಹಿಂಗಾರಿ ಬಿತ್ತುವುದು ವಾಡಿಕೆಯಾಗಿತ್ತು. ಉತ್ತರಿ, ಹಸ್ತ ಮಳೆಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬಿ, ಅಗಸಿ. ಆಮೇಲೆ ಹನಿ ಮಳೆ ಬೀಳದಿದ್ದರೂ ಜೋಳದ ಬೇರು ಕೆಳಗಿಳಿದು ಹಸಿಯನ್ನು ಹುಡುಕಿಕೊಂಡು ಹೋಗುತ್ತದೆ. ಚಳಿಗಾಲದ ಇಬ್ಬನಿಯೂ ತನ್ನ ಪಾಲು ಸಲ್ಲಿಸುತ್ತದೆ. ಜೋಳದ ಹೊಲದ ಅಂಚಿಗೆ ಕುಸುಬಿಯ ಸಾಲು ಹಾಕುತ್ತಿದ್ದುದರ ಹಿಂದೆ ಎಣ್ಣೆಯ ಲೆಕ್ಕ ಒಂದೇ ಇರಲಿಲ್ಲ. ಅದರ ಮುಳ್ಳಿಗೆ ದನ ಒಳಗೆ ನುಗ್ಗುವುದಿಲ್ಲ. ಬೇಲಿ ಹಾಕಲು ಮರವಿಲ್ಲದ ಬಯಲಿನಲ್ಲಿ ಬೇಲಿಯೂ ಬೆಳೆಯೇ ಆಗಬೇಕಾಗಿತ್ತು. ಕಡಲೆ ಗಿಡದ ಮೇಲೆ ರಾತ್ರಿ ತೆಳು ಬಟ್ಟೆ ಹಾಸಿ, ಬೆಳಗಿನ ಜಾವ ಇಬ್ಬನಿಯಲ್ಲಿ ತೊಯ್ದ ಆ ಬಟ್ಟೆಯನ್ನು ಹಿಂಡಿ ಹುಳಿ ತೆಗೆದು, ಹೊಟ್ಟೆನೋವಿನ ಔಷಧಿಗೆಂದು ಸೀಸೆಯಲ್ಲಿಡುತ್ತಿದ್ದ ಹೆಂಗಸರು ಈಗಲೂ ಅಲ್ಲಲ್ಲಿ ಸಿಗುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಮಳೆಯ ಲೆಕ್ಕ ನಕ್ಷತ್ರದ್ದು. ಸುಮಾರು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ರೋಹಿಣಿ, ಮೃಗಶಿರ, ಆರಿದ್ರ ಎಂದು ಬದಲಾಗುತ್ತ ಹೋಗುವ ಈ ಪಂಚಾಂಗ ಸೂರ್ಯನ ನಡೆಗೆ ಸೇರಿದ್ದು. ಹಿಜರಿ ವರ್ಷವಾದರೋ ಚಂದ್ರನದು, ಋತುಗಳ ಮೂಲಕ ಜಾರುತ್ತ ಹೋಗುತ್ತದೆ. ಈ ಭಾಗದ ಮುಸ್ಲಿಮ್ ರೈತ ರಮಝಾನಿಗೆ ಚಂದ್ರನನ್ನು ನೋಡಿದ, ಬಿತ್ತಿಗೆಗೆ ನಕ್ಷತ್ರ ಎಣಿಸಿದ. ಎರಡೂ ಲೆಕ್ಕ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇದ್ದವು.

ಮಣ್ಣಿನಲ್ಲಿ ಹಸಿ ಕೂಡಿಟ್ಟಂತೆ ಊರಿನಲ್ಲಿ ನೀರು ಕೂಡಿಡಬೇಕಿತ್ತು. ಬಯಲಿನ ಹೆಚ್ಚಿನ ಹಳ್ಳಿಗಳಿಗೆ ಕುಡಿಯುವ ನೀರಿನ ಕೆರೆಯೋ ಹೊಂಡವೋ ಬೇರೆಯೇ ಇರುತ್ತಿತ್ತು. ನವಲಗುಂದದ ನೀಲಮ್ಮನ ಕೆರೆಯ ಹೆಸರು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಇಂಥ ಕೆರೆಗೆ ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ. ನೀರು ಎರೆ ಮಣ್ಣಿನ ಕದಡಿನಿಂದ ಚಹದ ಬಣ್ಣಕ್ಕಿದ್ದರೂ ಪಟಕ ತಿರುಗಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಬೇಸಿಗೆಯಲ್ಲಿ ಹೂಳೆತ್ತುವುದು ಊರಿನ ಕೆಲಸ. ಆ ಹೂಳು ಹೊಲಕ್ಕೆ ಗೊಬ್ಬರ.

ಹೀಗೆಂದು ಹಳೆಯದೆಲ್ಲ ಹೊನ್ನು ಎಂದು ಹಾಡಲು ನಾವು ಸಿದ್ಧರಿಲ್ಲ. ನಿಂತ ನೀರಿನಿಂದ ನಾರುಹುಣ್ಣು ಬರುತ್ತಿತ್ತು. ಉತ್ತರ ಕರ್ನಾಟಕದ ಜನ ತಲೆಮಾರುಗಳ ಕಾಲ ಕಾಲಿನಿಂದ ಹುಳು ಎಳೆದುಕೊಂಡು ನರಳಿದ್ದಾರೆ. ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2000ದಲ್ಲಿ. ಅದಕ್ಕಿಂತ ದೊಡ್ಡ ಹುಣ್ಣು ಇನ್ನೊಂದು. ಊರ ಕೆರೆ ಎಂದರೂ ಅದು ಊರಿನ ಎಲ್ಲರದಾಗಿರಲಿಲ್ಲ. ದಲಿತರು ಕೊಡ ಹಿಡಿದು ದೂರ ನಿಂತು ಮೇಲ್ಜಾತಿಯವರು ಎತ್ತಿ ಹಾಕುವ ನೀರಿಗೆ ಕಾಯಬೇಕಿತ್ತು. ನೀರು ಕೂಡಿಡುವ ಜಾಣತನ ಇದ್ದವರಿಗೆ ಅದನ್ನು ಹಂಚುವ ನ್ಯಾಯ ಇರಲಿಲ್ಲ. ಪರಿಸರಕ್ಕೆ ಹೊಂದಿಕೊಂಡ ಸಮಾಜವೆಲ್ಲ ಒಳ್ಳೆಯ ಸಮಾಜವೇ ಆಗಿರಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮನೆಗಳ ವಿಷಯಕ್ಕೆ ಬರೋಣ. ಉಬ್ಬಿ ಕುಗ್ಗುವ ನೆಲದ ಮೇಲೆ ಗೋಡೆ ನಿಲ್ಲುವುದಿಲ್ಲ, ಸೀಳುತ್ತದೆ. ಆದ್ದರಿಂದ ಇಲ್ಲಿಯ ಹಳೆಯ ಮನೆಗಳಲ್ಲಿ ಮಾಳಿಗೆಯ ಭಾರವನ್ನು ಕಟ್ಟಿಗೆಯ ಕಂಬ, ತೊಲೆಗಳು ಹೊರುತ್ತವೆ. ಮಣ್ಣಿನ ದಪ್ಪ ಗೋಡೆಗಳು ಬರಿಯ ಆವರಣ. ಗೋಡೆ ಬಿದ್ದರೂ ಮಾಳಿಗೆ ನಿಂತೀತು. ಮಾಳಿಗೆಗೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಹಾಕುತ್ತಿದ್ದುದು ಸವುಳು ಮಣ್ಣು. ಯಾವ ಮಣ್ಣಿನಲ್ಲಿ ಬೀಜ ಮೊಳೆಯುವುದಿಲ್ಲವೋ ಅದೇ ಮಣ್ಣು ಮಾಳಿಗೆಗೆ ಶ್ರೇಷ್ಠ. ಅದರಲ್ಲಿರುವ ಉಪ್ಪಿನಂಶದಿಂದ ಮಣ್ಣಿನ ಕಣಗಳು ನೀರು ತಾಗಿದೊಡನೆ ಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಇಳಿಯುವುದಿಲ್ಲ. ಹೊಲದ ಶಾಪ ಮನೆಯ ಕೊಡೆಯಾಯಿತು. ಆದರೆ ರೋಹಿಣಿ ಮಳೆಗೆ ಮೊದಲು ಪ್ರತಿವರ್ಷ ಹುಲ್ಲು ಕಿತ್ತು ಹೊಸ ಪದರ ಹಾಕಲೇಬೇಕು. ಒಂದು ವರ್ಷ ಮರೆತರೆ ಸೋರುವುದು ಖಂಡಿತ. ಸಂತ ಶಿಶುನಾಳ ಷರೀಫರು (1819–1889) ಮನೆಯ ಮಾಳಿಗೆ ಸೋರುವುದನ್ನು ಹಾಡಾಗಿಸಿದ್ದು ಎಲ್ಲರಿಗೂ ಗೊತ್ತು. ಅವರ ಊರು ಈ ಸೀಮೆಯದೇ. ಅವರ ಗುರು ಗೋವಿಂದ ಭಟ್ಟರದು ಕುಂದಗೋಳ ತಾಲೂಕಿನ ಕಳಸ. ಕಾಂಕ್ರೀಟಿನಡಿ ಹುಟ್ಟಿದವರಿಗೆ ಆ ಹಾಡಿನಲ್ಲಿ ಅಧ್ಯಾತ್ಮ ಮಾತ್ರ ಕೇಳಿಸುತ್ತದೆ. ಅದರ ಕೇಳುಗರಿಗೆ ಮೊದಲು ಕೇಳಿಸುತ್ತಿದ್ದುದು ಹುಲ್ಲು ಕೀಳದೆ ಬಿಟ್ಟ ಮಾಳಿಗೆಯ ತಟಪಟ ಸದ್ದು.

ಇನ್ನು ಹಗೇವು. ಈ ಶಬ್ದವೇ ಹೊಸಬರಿಗೆ ಹೊಸದಾಗುತ್ತಿದೆ. ನೆಲದೊಳಗೆ ತೋಡಿದ ಧಾನ್ಯದ ಕಣಜವದು. ಬಾಯಿ ಕಿರಿದು, ಹೊಟ್ಟೆ ಅಗಲ, ಮಣ್ಣಿನ ಗಡಿಗೆಯ ಆಕಾರ. ಮನೆಯಂಗಳದಲ್ಲಿ, ಬೀದಿಯಲ್ಲಿ, ಗುಡಿಯ ಮುಂದೆ, ಎಲ್ಲಿ ನೆಲ ಗಟ್ಟಿಯೋ ಅಲ್ಲಿ. ಒಳಗೆ ಸುತ್ತಲೂ ಒಣಗಿದ ಕಣಿಕಿ, ಹೊಟ್ಟು ಒತ್ತಿ ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು, ಕಲ್ಲುಚಪ್ಪಡಿ, ಮಣ್ಣು. ಗಾಳಿಯಾಡದ ಒಳಗೆ ಹುಳು ಬದುಕುವುದಿಲ್ಲ. ಅಂಚಿನ ಒಂದಿಷ್ಟು ಧಾನ್ಯ ಕಪ್ಪಾದರೂ ನಡುವಿನದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಗೇವು ತೆರೆದ ಕೂಡಲೇ ಇಳಿಯುವಂತಿಲ್ಲ. ಬಾಯಿ ತೆಗೆದು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಅವಸರ ಮಾಡಿ ಉಸಿರುಕಟ್ಟಿ ಸತ್ತವರ ಕಥೆಗಳು ಊರೂರಿನಲ್ಲೂ ಇವೆ.

ಮಳೆ ಮೂರು ವರ್ಷಕ್ಕೊಮ್ಮೆ ಕೈಕೊಡುವ ನಾಡಿನಲ್ಲಿ ಒಂದು ವರ್ಷದ ಬೆಳೆ ಒಂದು ವರ್ಷದ್ದಾಗಿರಲಾರದು. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ದೊರೆಗೆ ಕೊಟ್ಟ ಸಲಹೆಯನ್ನು ಕುರ್‌ಆನ್ ಹೇಳುತ್ತದೆ: ಏಳು ಒಳ್ಳೆಯ ವರ್ಷಗಳ ಬೆಳೆಯಲ್ಲಿ ಉಣ್ಣುವಷ್ಟು ತೆಗೆದು ಉಳಿದದ್ದನ್ನು ತೆನೆಯಲ್ಲೇ ಬಿಡಬೇಕು, ಮುಂದೆ ಏಳು ಕಷ್ಟದ ವರ್ಷಗಳು ಬರಲಿವೆ ಎಂದು. ನೈಲ್ ನದಿಯಿದ್ದ ದೇಶಕ್ಕೇ ಈ ಎಚ್ಚರ ಬೇಕಾಗಿತ್ತು. ಬೆಣ್ಣಿಹಳ್ಳವೊಂದನ್ನೇ ನಂಬಿದ ದೇಶಕ್ಕೆ ಬೇಡವೇ?

ಬೆಣ್ಣಿಹಳ್ಳದ ಕಥೆಯೂ ಹೇಳಬೇಕಾದದ್ದೇ. ಶಿಗ್ಗಾವಿಯ ದುಂಡಶಿ ಕಡೆ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳಲ್ಲಿ ಹರಿದು ಮಲಪ್ರಭೆ ಸೇರುವ ಇದು ಬೇಸಿಗೆಯಲ್ಲಿ ಬರಿಯ ಗೆರೆ. ಮಳೆ ಬಂದರೆ ರಾತ್ರಿ ಬೆಳಗಾಗುವಷ್ಟರಲ್ಲಿ ಮೈಲುಗಟ್ಟಲೆ ಹೊಲ ನುಂಗುತ್ತದೆ. ಎರೆ ನೆಲ ಒಂದು ಸಲ ತುಂಬಿತೆಂದರೆ ಮುಂದಿನ ಹನಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಎಲ್ಲ ಹಳ್ಳಕ್ಕೇ. 2009ರ ನೆರೆಯನ್ನೂ 2019ರ ನೆರೆಯನ್ನೂ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇದರ ದಂಡೆಯ ಮೇಲೆ ಯಮನೂರಿದೆ. ಮುಸ್ಲಿಮರಿಗೆ ರಾಜಾಬಾಗ್ ಸವಾರರ ದರ್ಗಾ, ಹಿಂದೂಗಳಿಗೆ ಚಾಂಗದೇವರ ಸನ್ನಿಧಿ. ಹೋಳಿ ಹುಣ್ಣಿಮೆಯ ನಂತರ ನಡೆಯುವ ಜಾತ್ರೆ–ಉರೂಸಿಗೆ ಬಂದವರು ಹಳ್ಳದಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆ. ಕುಡಿಯಲು ಬಾರದ ನೀರಿಗೆ ಜನ ಬೇರೆ ಉಪಯೋಗ ಕಂಡುಕೊಂಡರು ಎಂದೂ ಇದನ್ನು ನೋಡಬಹುದು. ಮಳೆ ತಪ್ಪಿದ ವರ್ಷ ಓಣಿಯಲ್ಲಿ ಗುರ್ಜಿ ಹೊತ್ತು ಮನೆಮನೆಯ ಮುಂದೆ ನೀರು ಸುರಿಸಿಕೊಳ್ಳುತ್ತಾರೆ. ಅದೇ ವಾರ ಈದ್ಗಾ ಮೈದಾನದಲ್ಲಿ ಇಸ್ತಿಸ್ಕಾ ನಮಾಝ್ ನಡೆಯುತ್ತದೆ. ಬೇಡುವ ಬಗೆ ಬೇರೆ, ಬೇಡುವುದು ಒಂದೇ.

ಕಲಘಟಗಿಯ ಕಡೆಗೆ ತುಸು ತಿರುಗಿದರೆ ಚಿತ್ರ ಬೇರೆ. ಅಲ್ಲಿ ಭತ್ತವನ್ನು ಅಗೆ ಹಾಕಿ ನಾಟಿ ಮಾಡುವುದಕ್ಕಿಂತ ಜೋಳದಂತೆ ಕೂರಿಗಿಯಲ್ಲಿ ಒಣನೆಲಕ್ಕೆ ಬಿತ್ತುವ ರೂಢಿ. ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ಭತ್ತ ಆಮೇಲೆ ಬರುವ ಮಳೆಯಲ್ಲಿ ನೀರು ನಿಂತಾಗ ಗದ್ದೆಯಾಗುತ್ತದೆ. ಮಲೆನಾಡಿನ ಬೆಳೆಯನ್ನು ಬಯಲಿನ ಉಪಕರಣದಿಂದ ಬೆಳೆದವರು ಇವರು. ಕಾಡಿನಂಚಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದು ನೆಲೆಸಿದ ಗೌಳಿಗರು, ಅವರ ಎಮ್ಮೆಗಳು. ಆ ಎಮ್ಮೆಯ ಗೊಬ್ಬರ ಕೆಳಗಿನ ಹೊಲಗಳಿಗೆ, ಹಾಲು ಧಾರವಾಡ–ಹುಬ್ಬಳ್ಳಿಗೆ. ಈ ಸೀಮೆಯ ‘ಧಾರವಾಡಿ’ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ಮನ್ನಣೆ ಸಿಕ್ಕಿದ್ದು 2021ರಲ್ಲಿ. ಬಯಲಿನಲ್ಲಿ ಗೌಳಿಗರ ಜಾಗದಲ್ಲಿ ಕುರುಬರು. ಮಳೆಗಾಲದಲ್ಲಿ ಎರೆಯ ಕೆಸರು ಕುರಿಯ ಗೊರಸಿಗೆ ಆಗದು, ಆಗ ಮಸಾರಿ, ಗುಡ್ಡದ ಕಡೆ ನಡೆ. ಸುಗ್ಗಿ ಮುಗಿದ ಮೇಲೆ ಮರಳಿ ಬಂದು ಹೊಲದಲ್ಲಿ ಕುರಿ ತರುಬುತ್ತಿದ್ದರು. ಹೊಲದವ ಅದಕ್ಕೆ ಕಾಳು ಕೊಡುತ್ತಿದ್ದ.

ಹತ್ತಿಯ ಮಾತಿಗೆ ಬಂದರೆ ಮುಸ್ಲಿಮರ ಪಾಲು ಕಣ್ಣಿಗೆ ಬೀಳುತ್ತದೆ. ಇಲ್ಲಿಯ ಹಳೆಯ ಹತ್ತಿ ನೀರಿನ ಹಂಗಿಲ್ಲದ್ದು, ತಾಯಿಬೇರು ಆಳಕ್ಕಿಳಿಸಿ ಬೇಸಿಗೆಯ ಹೊಸ್ತಿಲವರೆಗೂ ಕಾಯಿ ಬಿಡುವಂಥದು. ಅದನ್ನು ಬಿಡಿಸಿದ ಮೇಲೆ ಬಿಲ್ಲಿನಿಂದ ಹಿಂಜಿ ಗಾದಿ, ದಿಂಬು ಮಾಡುವವರು ಪಿಂಜಾರರು, ನದಾಫರು. ಹಿಂಜುವ ಬಿಲ್ಲಿನ ನಾದ ಕೇಳಿದರೆ ಊರಿಗೆ ಚಳಿಗಾಲ ಬಂತೆಂದು ಅರ್ಥ. ನವಲಗುಂದದಲ್ಲಿ ನೂಲು ಜಮಖಾನೆಯಾಯಿತು. ವಿಜಾಪುರದ ಆದಿಲಶಾಹಿ ಕಾಲದ ನೇಕಾರರು ಅಲ್ಲಿಯ ಗದ್ದಲಕ್ಕೆ ಊರುಬಿಟ್ಟು ಇಲ್ಲಿಗೆ ಬಂದರೆಂದು ಹೇಳುತ್ತಾರೆ. ನೇಯುವವರು ಮುಸ್ಲಿಮ್ ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ನವಿಲು, ಪಗಡೆ ಹಾಸಿನ ಚಿತ್ರಗಳನ್ನು ನೆನಪಿನಿಂದಲೇ ನೂಲಿಗಿಳಿಸುತ್ತಾರೆ. ಈ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹೆಸರು ದಿಲ್ಲಿಯವರೆಗೆ ಹೋಗಿದೆ. ನೇಯುವ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕೂಲಿ ಹುಟ್ಟದ ಕಸುಬಿಗೆ ಪ್ರಮಾಣಪತ್ರ ಎಷ್ಟು ದಿನ ಆಸರೆಯಾದೀತು?

ಈ ಕೂಡಿಡುವ ಬದುಕು ಎಲ್ಲ ಕಾಲಕ್ಕೂ ಜನರನ್ನು ಕಾಪಾಡಿತೆ? ಇಲ್ಲ. 2010ರ ಆಗಸ್ಟಿನಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ಮನುಷ್ಯರ ತಲೆಬುರುಡೆಗಳು ಸಾಲುಸಾಲಾಗಿ ಹೊರಬಂದವು. ಎಣಿಸಿದಾಗ ಸುಮಾರು ಆರುನೂರು. ಕೂಡಲೇ ಯಾರು ಯಾರನ್ನು ಕೊಂದರು ಎಂಬ ಊಹೆಗಳು ಎದ್ದವು. ಕಾಲನಿರ್ಣಯ ಪರೀಕ್ಷೆಯಲ್ಲಿ ಅವು ಆರು ಶತಮಾನಗಳಿಗೂ ಹಿಂದಿನವು ಎಂದು ತಿಳಿಯಿತು. ಯುದ್ಧವೋ ಬರವೋ ಎಂಬ ವಾದ ನಡೆದೇ ಇದೆ. ಹದಿನಾಲ್ಕನೆಯ ಶತಮಾನದ ಕೊನೆಗೆ ಶುರುವಾಗಿ ಹನ್ನೆರಡು ವರ್ಷ ಕಾಡಿತೆಂದು ದಖನ್ನಿನ ಜನ ನೆನಪಿಟ್ಟುಕೊಂಡ ದುರ್ಗಾದೇವಿ ಬರ ಈ ಕಾಲಕ್ಕೆ ಸಮೀಪದ್ದು. 1791–92ರ ಬರಕ್ಕಂತೂ ಜನ ಇಟ್ಟ ಹೆಸರೇ ಡೋಗಿ ಬರ, ತಲೆಬುರುಡೆಗಳ ಬರ. ಹನ್ನೆರಡು ವರ್ಷ ಸಾಲುವ ಹಗೇವನ್ನು ಯಾರೂ ತೋಡಿರಲಿಲ್ಲ.

ಆದರೆ 1876–78ರ ಧಾತು ವರ್ಷದ ಬರದ ಲೆಕ್ಕ ಬೇರೆ. ಅಷ್ಟರಲ್ಲಿ ಹಗೇವುಗಳು ಬರಿದಾಗುವ ಹೊಸ ದಾರಿಗಳು ಹುಟ್ಟಿದ್ದವು. ಕಂದಾಯವನ್ನು ಕಂತಿನಲ್ಲಿ ನಗದಾಗಿಯೇ ಕಟ್ಟಬೇಕು. ನಗದು ಬೇಕೆಂದರೆ ಕಾಳು ಮಾರಬೇಕು, ಇಲ್ಲವೆ ಹತ್ತಿ ಬೆಳೆಯಬೇಕು. 1840ರ ದಶಕದಲ್ಲಿಯೇ ಇಂಗ್ಲಿಷರು ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಅಮೆರಿಕದ ತೋಟಗಾರನನ್ನು ಕರೆಸಿ ಅಲ್ಲಿಯ ಹತ್ತಿ ಬೀಜದ ಪ್ರಯೋಗ ನಡೆಸಿದ್ದರು. ಅದು ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನಲ್ಲಿ ಬಯಲಿಗೆಲ್ಲ ಹಬ್ಬಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲಂಕಾಶೈರಿನ ಗಿರಣಿಗಳು ಇತ್ತ ತಿರುಗಿದವು, ಹತ್ತಿಗೆ ಹೊನ್ನಿನ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮುಂಗಾರಿ ಹಿಂಗಾರಿ ಎರಡೂ ಕೈಕೊಟ್ಟವು. ಬರಪರಿಹಾರದ ಕಾಮಗಾರಿಗಳಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಆಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಕಲ್ಲೊಡೆಯುವ ಕೂಲಿಗಳು ಮುಷ್ಕರ ಹೂಡಿದರು. ಬರ ಬಂದರೆ ಧಾನ್ಯ ತರಲೆಂದು 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಿಗೆ ರೈಲು ಹಾಕಿದರು. ರೈಲು ಕಾಳನ್ನು ತರುವಷ್ಟೇ ಸಲೀಸಾಗಿ ಒಯ್ಯುತ್ತದೆ ಎಂಬುದು ಜನರಿಗೆ ಬೇಗ ತಿಳಿಯಿತು. ಮಳೆಯ ಅಭಾವಕ್ಕೆ ಹೊಂದಿಕೊಂಡ ವ್ಯವಸ್ಥೆಯೊಂದು ಮಾರುಕಟ್ಟೆಯ ಅಭಾವಕ್ಕೆ ಹೊಂದಿಕೊಂಡಿರಲಿಲ್ಲ. ಧಾತು ಬರದಲ್ಲಿ ಸತ್ತವರನ್ನು ಮಳೆಯೊಂದೇ ಕೊಂದಿತು ಎಂದು ನಮಗೆ ಅನ್ನಿಸುವುದಿಲ್ಲ.

ಮುಂದಿನ ದೊಡ್ಡ ತಿರುವು ಕಾಲುವೆ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ಮುಗಿದು ನೀರು ನವಲಗುಂದ, ನರಗುಂದದ ಎರೆಗೆ ಬಂತು. ಜನ ಹಿಗ್ಗಿದರು, ಹಿಗ್ಗದೆ ಇರುವುದಾದರೂ ಹೇಗೆ? ವರಲಕ್ಷ್ಮಿ ಹೈಬ್ರಿಡ್ ಹತ್ತಿಯೂ ಅದೇ ದಶಕದ್ದು, ಧಾರವಾಡದಲ್ಲೇ ಹುಟ್ಟಿದ್ದು. ಆದರೆ ಕಾಲುವೆಯ ನೀರು ಎಲ್ಲರಿಗೂ ಮುಟ್ಟುವ ಮುನ್ನವೇ ಸರಕಾರದ ಅಭಿವೃದ್ಧಿ ಕರ ಮುಟ್ಟಿತು. ನೀರು ಬಾರದ ಹೊಲಕ್ಕೂ ಕರ. 1980ರ ಜುಲೈ 21ರಂದು ರೈತರು ನವಲಗುಂದ, ನರಗುಂದಗಳಲ್ಲಿ ಬೀದಿಗಿಳಿದರು. ಗೋಲಿಬಾರಿನಲ್ಲಿ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿ ರೈತ ಸಂಘ ಹುಟ್ಟಿತು, 1983ರಲ್ಲಿ ಗುಂಡೂರಾವ್ ಸರಕಾರ ಬಿತ್ತು. ರಾಜಕೀಯ ಚರಿತ್ರೆ ಇದನ್ನು ಚೆನ್ನಾಗಿ ಬರೆದಿದೆ. ಅದು ಬರೆಯದೆ ಬಿಟ್ಟದ್ದು, ಅದೇ ವರ್ಷಗಳಲ್ಲಿ ಸದ್ದಿಲ್ಲದೆ ಮುಚ್ಚಿಹೋದ ಹಗೇವುಗಳನ್ನು, ಹೂಳೆತ್ತದೆ ಬಿಟ್ಟ ಹೊಂಡಗಳನ್ನು.

ಎರೆ ನೀರು ಹಿಡಿಯುತ್ತದೆ, ಬಿಡುವುದಿಲ್ಲ. ತಿಂಗಳುಗಟ್ಟಲೆ ನೀರು ಹಾಯಿಸಿದಾಗ ಕೆಳಗಿದ್ದ ಸವುಳು ನೀರಿನೊಡನೆ ಮೇಲೆದ್ದು ಬಂತು. ಕಾಲುವೆಯ ತಲೆಯ ಕಡೆ ಜವುಳು, ಸವುಳು. ಬಾಲದ ಕಡೆ ಬರಿಯ ಕಾಲುವೆ. ಮಾಳಿಗೆಗೆ ಹಾಕಬೇಕಾದ ಮಣ್ಣು ಹೊಲದ ಮೇಲೆ ಹರಡಿಕೊಂಡಿತು ಎನ್ನೋಣವೆ? ಅಣೆಕಟ್ಟು ತುಂಬದ ವರ್ಷಗಳೇ ಹೆಚ್ಚಾದಾಗ ಮಹದಾಯಿಯ ನೀರು ತರುವ ಬೇಡಿಕೆ ಬಲವಾಯಿತು. 2015ರ ಜುಲೈಯಿಂದ ಕಳಸಾ–ಬಂಡೂರಿಗಾಗಿ ವರ್ಷಗಟ್ಟಲೆ ಧರಣಿ ನಡೆಯಿತು. 2016ರ ಜುಲೈ ಕೊನೆಯಲ್ಲಿ ಅದೇ ಯಮನೂರಿನಲ್ಲಿ ಪೊಲೀಸರ ಲಾಠಿ ಹೆಂಗಸರು ಮುದುಕರೆನ್ನದೆ ಬಿತ್ತು. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಕಳಸಾ–ಬಂಡೂರಿಯ ಪಾಲು 3.9 ಟಿಎಂಸಿ. ಕುಡಿಯುವ ನೀರಿಗೆ ಅದು ಬೇಕು, ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಅಷ್ಟು ನೀರು ಬಂದರೂ ಬಯಲಿನ ಎಲ್ಲ ಹೊಲಗಳು ತಣಿಯುತ್ತವೆ ಎಂದು ರೈತನಿಗೆ ಹೇಳುವವರು ಅವನಿಗೆ ನಿಜ ಹೇಳುತ್ತಿಲ್ಲ.

ಈ ನಡುವೆ ಹಳೆಯದೊಂದು ಉಪಾಯ ಹೊಸ ಹೆಸರಿನಲ್ಲಿ ಮರಳಿ ಬಂದಿದೆ. ಕೃಷಿ ಹೊಂಡ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದಲೂ ಖಾಸಗಿ ಸಂಸ್ಥೆಗಳ ನೆರವಿನಿಂದಲೂ ನವಲಗುಂದ, ಅಣ್ಣಿಗೇರಿ ಹೊಲಗಳಲ್ಲಿ ದೊಡ್ಡ ದೊಡ್ಡ ಹೊಂಡಗಳೆದ್ದಿವೆ. ಬೇರೆ ಕಡೆ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಬೇಕು, ಎರೆಯಲ್ಲಿ ಹೆಚ್ಚಾಗಿ ಬೇಡ, ಉಬ್ಬಿದ ಮಣ್ಣೇ ಹಾಸು. ಮಳೆ ತಡವಾದ ವಾರಗಳಲ್ಲಿ ಕಡಲೆಗೋ ಮೆಣಸಿನ ಗಿಡಕ್ಕೋ ಒಂದೆರಡು ನೀರು ಕೊಟ್ಟರೆ ಬೆಳೆ ಉಳಿಯುತ್ತದೆ. ಒಳ್ಳೆಯದೇ. ಆದರೆ ಕೆರೆ ಊರಿನದಾಗಿತ್ತು, ಹೊಂಡ ಹೊಲದವನದು. ಹೊಲವೇ ಇಲ್ಲದವನ ಹೊಂಡ ಯಾವುದು? ಊರ ಕೆರೆಯ ದಂಡೆಯಲ್ಲಿ ದೂರ ನಿಲ್ಲಿಸಿದವರನ್ನು ಹೊಸ ವ್ಯವಸ್ಥೆ ಪೂರ್ತಿ ಹೊರಗೇ ನಿಲ್ಲಿಸುವಂತಾಗಬಾರದು.

ಅದಕ್ಕೇ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಸುದ್ದಿ ನಮ್ಮನ್ನು ಸೆಳೆಯಿತು. ಅಲ್ಲಿಯ ಒಂದಿಷ್ಟು ಹೆಂಗಸರು 2018ರಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿ, ಮರೆತುಹೋಗುತ್ತಿದ್ದ ಸಾವೆ, ನವಣೆ, ಬರಗು, ಊದಲು, ಕೊರಲೆಗಳ ಬೀಜ ಹುಡುಕಿ ತಂದು ಸಮುದಾಯ ಬೀಜ ಬ್ಯಾಂಕ್ ಮಾಡಿದರು. ಕಾಳು ಹಸನು ಮಾಡುವ ಯಂತ್ರ ನಡೆಸಿದರು, ಸುತ್ತಲಿನ ಹಳ್ಳಿಗಳ ರೈತರಿಗೆ ಬೀಜ ಕೊಟ್ಟರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂತು. ಪ್ರಶಸ್ತಿಗಿಂತ ನಮಗೆ ಮುಖ್ಯವಾಗಿ ಕಂಡದ್ದು ಆ ಧಾನ್ಯಗಳ ಸ್ವಭಾವ. ಸಾವೆಗೆ ಕಾಲುವೆ ಬೇಡ, ತಿಂಗಳು ಮಳೆ ತಪ್ಪಿದರೂ ಅದು ಪೂರ್ತಿ ಸಾಯುವುದಿಲ್ಲ. ಸಿಪ್ಪೆ ಸಮೇತ ಇಟ್ಟರೆ ವರ್ಷಗಟ್ಟಲೆ ಹುಳು ಹಿಡಿಯುವುದಿಲ್ಲ. ಇಂಥ ಬ್ಯಾಂಕುಗಳಲ್ಲಿ ಬೀಜ ಒಯ್ದವರು ಸುಗ್ಗಿಯ ಮೇಲೆ ಮರಳಿಸುವುದು ಹಣವನ್ನಲ್ಲ, ಬೀಜವನ್ನೇ. ಅಲ್ಲಿ ಜಾತಿಯ ಕಟ್ಟೆಯೂ ಇಲ್ಲ. ಹಗೇವಿನ ಬಾಯಿ ಮುಚ್ಚಿ ಅದರ ಮೇಲೆ ಸಿಮೆಂಟ್ ರಸ್ತೆ ಹಾಕಿದ ಊರುಗಳ ನಡುವೆ ಇದೊಂದು ಮನೆಯ ಕೋಣೆಯಲ್ಲಿ ಮಣ್ಣಿನ ಗಡಿಗೆಗಳಿಗೆ ಮತ್ತೆ ಹೆಸರು ಬರೆದಿಟ್ಟಿದ್ದಾರೆ.